ಹ್ಯಾಮ್ ಕೇಂದ್ರದ ಗದ್ದಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಹವ್ಯಾಸಿ ರೇಡಿಯೋ (ಹ್ಯಾಮ್) ಪರವಾನಗಿ ಪಡೆದು ಕೇಂದ್ರ ನಡೆಸುತ್ತಿರುವ ಓದುಗರಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ರಿಸೀವರಿನಲ್ಲಿ ಕೇಳಿಬರುವ ಗದ್ದಲವನ್ನು ಕುರಿತವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಉದ್ದವಾದ ಪತ್ರಗಳನ್ನು ಚಿಕ್ಕದಾಗಿಸಿ ಕೊಡಲಾಗಿದೆ.

ಪ್ರಶ್ನೆ: 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮೊದಲು ರಿಸೀವರಿನ ಸಂಕೇತ ಮೀಟರಿನಲ್ಲಿ ಎಸ್3ರಷ್ಟಿದ್ದ ಗದ್ದಲ ಈಗ ಹಗಲೂ ರಾತ್ರಿ ಎಸ್7ಕ್ಕೆ ಏರಿ ನಿಂತಿದೆ. ಮನೆಯ ಉಪಕರಣಗಳನ್ನು ಒಂದೊಂದಾಗಿ ಆರಿಸಿ ನೋಡಿದೆ. ಯಾವುದನ್ನು ಆರಿಸಿದರೂ ಮೀಟರಿನ ಮುಳ್ಳು ಕದಲುವುದಿಲ್ಲ. ಗದ್ದಲ ಹೊರಗಿನದೇ ಎಂದು ತೀರ್ಮಾನಿಸಬಹುದೇ? ಯಾವ ಫಿಲ್ಟರ್ ಕೊಳ್ಳಬೇಕು? (ತುಮಕೂರು)

ಉತ್ತರ: ತೀರ್ಮಾನಿಸಲಾಗದು, ಮತ್ತು ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಅನುಸರಿಸಿದ ಕ್ರಮ ಬಹುತೇಕ ಎಲ್ಲರೂ ಅನುಸರಿಸುವಂಥದೇ ಆಗಿದ್ದರೂ, ಗದ್ದಲದ ಮೂಲ ಒಂದೇ ಆಗಿದ್ದಾಗ ಮಾತ್ರ ಅದು ಫಲ ಕೊಡುತ್ತದೆ. ಇಂದಿನ ಮನೆಯಲ್ಲಿ ಎಲ್‌ಇಡಿ ಬಲ್ಬುಗಳು, ಮೊಬೈಲ್ ಚಾರ್ಜರುಗಳು, ಸೆಟ್‌ಟಾಪ್ ಬಾಕ್ಸು, ವೈಫೈ ರೂಟರಿನ ಅಡಾಪ್ಟರು, ಲ್ಯಾಪ್‌ಟಾಪು, ವಾಷಿಂಗ್ ಮಷೀನಿನ ಇನ್ವರ್ಟರ್ ಮೋಟಾರು ಹೀಗೆ ಹತ್ತಾರು ಕಡೆ, ವಿದ್ಯುತ್ತನ್ನು ಬಹಳ ವೇಗವಾಗಿ ಕತ್ತರಿಸಿ ಬೇಕಾದ ವೋಲ್ಟೇಜಿಗೆ ತರುವ ಸ್ವಿಚ್ ಮೋಡ್ ವಿದ್ಯುತ್ ಮಂಡಲಗಳಿವೆ. ಅವುಗಳಲ್ಲಿ ಐದು ಸರಿಸಮವಾಗಿ ಗದ್ದಲ ಮಾಡುತ್ತಿವೆ ಎಂದುಕೊಳ್ಳಿ. ಒಂದನ್ನು ಆರಿಸಿದರೆ ಕಡಿಮೆಯಾಗುವುದು ಸುಮಾರು 1 ಡೆಸಿಬೆಲ್ ಮಾತ್ರ. ಮೀಟರಿನ ಒಂದು ಎಸ್ ಅಂಕವೆಂದರೆ 6 ಡೆಸಿಬೆಲ್ ಆದ್ದರಿಂದ ಮುಳ್ಳಿಗೆ ಅದು ತಿಳಿಯುವುದೇ ಇಲ್ಲ. ನೀವು ಅದನ್ನು ನಿರಪರಾಧಿಯೆಂದು ಬಿಟ್ಟು, ಮತ್ತೆ ಹೊತ್ತಿಸಿ, ಮುಂದಿನದಕ್ಕೆ ಹೋಗುತ್ತೀರಿ; ಐದೂ ಹೀಗೆಯೇ ತಪ್ಪಿಸಿಕೊಳ್ಳುತ್ತವೆ.

ಕ್ರಮವನ್ನು ತಿರುಗುಮುರುಗು ಮಾಡಿ. ಟ್ರಾನ್ಸೀವರನ್ನು (ಪ್ರಸಾರವನ್ನೂ ಸ್ವೀಕಾರವನ್ನೂ ಮಾಡುವ ನಿಮ್ಮ ರೇಡಿಯೋ) 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ, ಆಂಟೆನಾ ಎಂದಿನಂತೆಯೇ ಇರಲಿ, ಮನೆಯ ಮೇನ್ ಸ್ವಿಚ್ ಆರಿಸಿ. ಯುಪಿಎಸ್ ಇದ್ದರೆ ಅದನ್ನು ಅದರ ಗುಂಡಿಯಿಂದಲೇ ಪೂರ್ತಿ ನಿಲ್ಲಿಸಬೇಕು. ಇಲ್ಲವಾದರೆ ಮೇನ್ ಸ್ವಿಚ್ ಆರಿದೊಡನೆ ಅದು ಎಚ್ಚೆತ್ತು ಅರ್ಧ ಮನೆಗೆ ವಿದ್ಯುತ್ ಕೊಡತೊಡಗುತ್ತದೆ, ಮತ್ತು ಅಗ್ಗದ ಯುಪಿಎಸ್‌ಗಳ ಚೌಕ ಅಲೆಯೇ ಒಂದು ಗದ್ದಲದ ಮೂಲ. ಲ್ಯಾಪ್‌ಟಾಪನ್ನೂ ಬ್ಯಾಟರಿಯಿಂದ ನಡೆಯುವ ಬೇರೆ ಸಾಧನಗಳನ್ನೂ ಮರೆಯಬೇಡಿ. ಈಗ ಮೀಟರ್ ಎಸ್3ಕ್ಕೆ ಇಳಿದರೆ ಗದ್ದಲ ನಿಮ್ಮ ಮನೆಯದು. ಎಸ್5ಕ್ಕೆ ಇಳಿದರೆ ಒಂದು ಪಾಲು ನಿಮ್ಮದು, ಉಳಿದದ್ದು ನೆರೆಹೊರೆಯದು. ಕದಲದಿದ್ದರೆ ಮಾತ್ರ ಹೊರಗೆ ಹುಡುಕಿ. ಇಳಿದ ಸ್ಥಿತಿಯಿಂದ ಪ್ರಾರಂಭಿಸಿ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ, ಆಯಾ ಸಾಲಿನ ಉಪಕರಣಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ, ನಿಶ್ಶಬ್ದದ ಮೇಲೆ ಪ್ರತಿಯೊಂದೂ ತನ್ನ ಗುರುತನ್ನು ತಾನೇ ಹೇಳುತ್ತದೆ. ಪ್ರತಿ ಹಂತದಲ್ಲೂ ಮೀಟರಿನ ಅಂಕವನ್ನು ಬರೆದಿಟ್ಟುಕೊಳ್ಳಿ.

ನಮ್ಮ ಊರುಗಳಲ್ಲಿ ಇದಕ್ಕೊಂದು ಬಿಟ್ಟಿ ಅನುಕೂಲವೂ ಇದೆ. ಕರೆಂಟು ಹೋದಾಗ ಬೇರೆಯವರು ಬೈದುಕೊಳ್ಳಲಿ. ನೀವು ರಿಸೀವರಿನ ಮುಂದೆ ಕೂರಿ. ಇಡೀ ಬೀದಿಯ ವಿದ್ಯುತ್ ಹೋದಾಗ ಉಳಿಯುವ ಗದ್ದಲವೆಷ್ಟು, ನಿಮ್ಮ ಮೇನ್ ಸ್ವಿಚ್ ಮಾತ್ರ ಆರಿಸಿದಾಗ ಉಳಿಯುವುದೆಷ್ಟು ಎಂಬ ಎರಡು ಅಂಕಗಳ ನಡುವಿನ ಅಂತರವೇ ನೆರೆಹೊರೆಯ ಪಾಲು. ವಿದ್ಯುತ್ ಮರಳಿದಾಗ ಯಾವ ಗದ್ದಲ ಒಡನೆಯೇ ಬಂತು, ಯಾವುದು ತುಸು ತಡವಾಗಿ ಬಂತು ಎಂಬುದನ್ನೂ ಗಮನಿಸಿ. ಟ್ಯೂಬ್‌ಲೈಟು, ಬಲ್ಬುಗಳು ತಕ್ಷಣ ಹೊತ್ತಿಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸಿನಂಥವು ಎಚ್ಚರಗೊಂಡು ಕೆಲಸಕ್ಕೆ ತೊಡಗಲು ಸಮಯ ತೆಗೆದುಕೊಳ್ಳುತ್ತವೆ.

ಎಸ್3ರಿಂದ ಎಸ್7ಕ್ಕೆ ಏರುವುದು ಸಣ್ಣ ವಿಷಯವೇನಲ್ಲ. ಅದು 24 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಸುಮಾರು 250 ಪಟ್ಟು. ಮೊದಲು 100 ವಾಟಿನಲ್ಲಿ ನಿಮಗೆ ತಕ್ಕಮಟ್ಟಿಗೆ ಕೇಳಿಸುತ್ತಿದ್ದ ಕೇಂದ್ರವೊಂದು ಈಗ ಅಷ್ಟೇ ಸ್ಪಷ್ಟವಾಗಿ ಕೇಳಬೇಕಾದರೆ 25,000 ವಾಟ್ ಬಳಸಬೇಕಾಗುತ್ತದೆ. ಪ್ರಸಾರದ ಶಕ್ತಿ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರಿಗೆ ಹಣ ಕೂಡಿಡುವವರು ಈ ಲೆಕ್ಕವನ್ನೊಮ್ಮೆ ಮಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಟ್ರಾನ್ಸೀವರಿನ ಪರದೆಯ ಮೇಲೆ 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ ನೋಡಿದಾಗ ಮೂರು ಕಡೆ ಅಗಲವಾದ ದಿಬ್ಬಗಳು ಕಾಣುತ್ತವೆ, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತವೆ. ಇವೇನು? ಅಡಾಪ್ಟರಿನ ತಂತಿಗೆ ಕ್ಲಿಪ್ ಮಾಡುವ ಫೆರೈಟ್ (ಕಾಂತೀಯ ಪಿಂಗಾಣಿಯ ತುಂಡು) ತಂದು ಹಾಕಿದರೂ ಏನೂ ಪ್ರಯೋಜನವಾಗಲಿಲ್ಲ. (ಬೆಂಗಳೂರು)

ಉತ್ತರ: ನೀವು ನೋಡುತ್ತಿರುವುದು ಸ್ವಿಚ್ ಮೋಡ್ ಅಡಾಪ್ಟರೊಂದರ ಸಹಿ. ಇಂಥ ಅಡಾಪ್ಟರುಗಳು ಮೇನ್ಸ್ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸುತ್ತವೆ. 65 ಕಿಲೋಹರ್ಟ್ಸ್ ಬಹಳ ಬಳಕೆಯಲ್ಲಿರುವ ವೇಗ. ಅದರ 108, 109 ಮತ್ತು 110ನೆಯ ಗುಣಕಗಳನ್ನು ಲೆಕ್ಕ ಹಾಕಿ: 7020, 7085, 7150 ಕಿಲೋಹರ್ಟ್ಸ್. ನಮ್ಮ ಪಟ್ಟಿಯೊಳಗೆ ಸರಿಯಾಗಿ ಮೂರು ದಿಬ್ಬಗಳು. ಅಡಾಪ್ಟರು ಬಿಸಿಯಾದಂತೆ, ಅದರ ಮೇಲಿನ ಹೊರೆ ಬದಲಾದಂತೆ ಮೂಲ ವೇಗ ಕೇವಲ 100 ಹರ್ಟ್ಸ್‌ನಷ್ಟು ಜಾರಿದರೂ 108ನೆಯ ಗುಣಕ ಸುಮಾರು 11 ಕಿಲೋಹರ್ಟ್ಸ್ ಸರಿಯುತ್ತದೆ. ಹೀಗಾಗಿ ದಿಬ್ಬಗಳ ನಡುವಿನ ಅಂತರವನ್ನು ಅಳೆದಿಟ್ಟುಕೊಂಡರೆ ಅದೇ ಆ ಅಡಾಪ್ಟರಿನ ಗುರುತು. ಎರಡು ಬೇರೆ ಅಂತರಗಳು ಕಂಡರೆ ಎರಡು ಮೂಲಗಳಿವೆ ಎಂದರ್ಥ. ಫೋನನ್ನು ಚಾರ್ಜಿಗೆ ಹಾಕಿದಾಗ ಅಥವಾ ತೆಗೆದಾಗ ದಿಬ್ಬ ಜಿಗಿದರೆ ಹುಡುಕಾಟ ಅಲ್ಲಿಗೆ ಮುಗಿಯಿತು.

ಫೆರೈಟ್ ವಿಷಯಕ್ಕೆ ಬರೋಣ. ಅಡಾಪ್ಟರಿನ ಒಳಗಿರುವ ಗದ್ದಲ ನಮ್ಮ ಆಂಟೆನಾಕ್ಕೆ ತಲುಪುವುದು ಆ ಪುಟ್ಟ ಡಬ್ಬಿಯಿಂದಲ್ಲ. ಅದರ ಎರಡೂ ಬದಿಯ ಉದ್ದ ತಂತಿಗಳು ಆಂಟೆನಾಗಳಂತೆ ವರ್ತಿಸುವುದರಿಂದ. ಜೋಡಿ ತಂತಿಗಳೆರಡರಲ್ಲೂ ಒಂದೇ ದಿಕ್ಕಿಗೆ ಹರಿಯುವ ಈ ಪ್ರವಾಹಕ್ಕೆ ಕಾಮನ್ ಮೋಡ್ ಪ್ರವಾಹವೆಂದು ಹೆಸರು, ಮತ್ತು ಫೆರೈಟ್ ತಡೆಯಬೇಕಾದದ್ದು ಇದನ್ನು. ಕ್ಲಿಪ್ಪಿನೊಳಗೆ ತಂತಿ ಒಮ್ಮೆ ಹಾದುಹೋದರೆ 7 ಮೆಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ತಡೆ ಕೆಲವು ಹತ್ತು ಓಮ್‌ಗಳಷ್ಟೇ. ಗದ್ದಲ ಅದನ್ನು ಲೆಕ್ಕಿಸುವುದಿಲ್ಲ. ತಡೆ ಸುತ್ತುಗಳ ವರ್ಗದಂತೆ ಏರುತ್ತದೆ. ಅದೇ ಫೆರೈಟಿನೊಳಗೆ ತಂತಿಯನ್ನು ನಾಲ್ಕು ಬಾರಿ ಹಾಯಿಸಿದರೆ ಹೆಚ್ಚುಕಡಿಮೆ 16 ಪಟ್ಟು. ಸುಮಾರು 61 ಮಿಲಿಮೀಟರ್ ಅಗಲದ, 31ನೆಯ ಮಿಶ್ರಣದ (ಇದು ಫೆರೈಟಿನ ಬಗೆಗೆ ತಯಾರಕರು ಕೊಡುವ ಸಂಖ್ಯೆ) ಫೆರೈಟ್ ಟೊರಾಯ್ಡಿನ, ಅಂದರೆ ಉಂಗುರದ ಮೇಲೆ 12 ಸುತ್ತು ಹಾಕಿದರೆ 3.5ರಿಂದ 14 ಮೆಗಾಹರ್ಟ್ಸ್‌ವರೆಗೆ ಕೆಲವು ಸಾವಿರ ಓಮ್‌ಗಳ ತಡೆ ಸಿಗುತ್ತದೆ, ಆಗ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಎರಡೂ ತಂತಿಗಳನ್ನು ಜೊತೆಯಾಗಿಯೇ ಸುತ್ತಬೇಕು. ಒಂದನ್ನೇ ಸುತ್ತಿದರೆ ಉಪಕರಣಕ್ಕೆ ಹರಿಯುವ ಪ್ರವಾಹವೇ ಫೆರೈಟನ್ನು ಕಾಂತೀಯವಾಗಿ ತುಂಬಿಸಿ ನಿಷ್ಪ್ರಯೋಜಕ ಮಾಡುತ್ತದೆ. ಹೀಗೆ ತಂತಿ ಸುತ್ತಿದ ಫೆರೈಟಿಗೆ ಚೋಕ್ ಎಂದು ಹೆಸರು; ಅದು ಇರಬೇಕಾದ ಜಾಗ ಗದ್ದಲ ಮಾಡುವ ಡಬ್ಬಿಯ ಮಗ್ಗುಲಿನಲ್ಲಿ, ತಂತಿಯ ಇನ್ನೊಂದು ತುದಿಯಲ್ಲಲ್ಲ. 28 ಮೆಗಾಹರ್ಟ್ಸ್ ಮತ್ತು ಅದಕ್ಕೂ ಮೇಲಿನ ಪಟ್ಟಿಗಳಿಗೆ 43ನೆಯ ಮಿಶ್ರಣ ಚೆನ್ನಾಗಿ ಹೊಂದುತ್ತದೆ.

ಬೆಂಗಳೂರಿನವರಾದ್ದರಿಂದ ಎಸ್‌ಪಿ ರಸ್ತೆಯ ಬಗ್ಗೆ ಒಂದು ಮಾತು. ಅಲ್ಲಿ ಹಳೆಯ ಕಂಪ್ಯೂಟರ್ ವಿದ್ಯುತ್ ಮಂಡಲಗಳಿಂದ ಬಿಚ್ಚಿದ ಹಳದಿ-ಬಿಳಿ ಬಣ್ಣದ ಉಂಗುರಗಳು ಹೇರಳವಾಗಿ, ಅಗ್ಗವಾಗಿ ಸಿಗುತ್ತವೆ. ಅವು ಫೆರೈಟ್ ಅಲ್ಲ, ಕಬ್ಬಿಣದ ಪುಡಿಯಿಂದ ಮಾಡಿದವು. ಅವುಗಳ ಕಾಂತೀಯ ವ್ಯಾಪ್ಯತೆ ಈ ಕೆಲಸಕ್ಕೆ ಬಹಳ ಕಡಿಮೆ. ಎಷ್ಟು ಸುತ್ತಿದರೂ ನಿರಾಶೆಯೇ ಗತಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ಕೊರಳಲ್ಲಿ ಕೂರುತ್ತಿದ್ದ ಡಿಫ್ಲೆಕ್ಷನ್ ಯೋಕಿನ ಬೂದು ಬಣ್ಣದ ದೊಡ್ಡ ಉಂಗುರ ಮಾತ್ರ ನಿಜವಾದ ಫೆರೈಟ್. ಗುರುತಿಲ್ಲದ ಉಂಗುರ ಕೊಂಡಿದ್ದರೆ, ಅದರ ಮೇಲೆ ಹತ್ತು ಸುತ್ತು ಹಾಕಿ, ಬೇರೆ ಬೇರೆ ಆವರ್ತನಗಳಲ್ಲಿ ತಡೆಯನ್ನು ಅಳೆಯುವ ಪುಟ್ಟ ಉಪಕರಣವಾದ ನ್ಯಾನೋವಿಎನ್‌ಎಯ ಎರಡು ಕಿಂಡಿಗಳ ನಡುವೆ ಸರಣಿಯಲ್ಲಿ ಜೋಡಿಸಿ ನೋಡಿ. 7 ಮೆಗಾಹರ್ಟ್ಸ್‌ನಲ್ಲಿ 25 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸಿದರೆ ಅದು ಇಟ್ಟುಕೊಳ್ಳಬೇಕಾದ ಉಂಗುರ.

ಇಷ್ಟೆಲ್ಲ ಹೇಳಿದ ಮೇಲೂ, ದೋಷವಿರುವುದು ಅಗ್ಗದ ಅಡಾಪ್ಟರೊಂದರಲ್ಲಾದರೆ ಅದನ್ನು ತೆಗೆದು ಒಳ್ಳೆಯದನ್ನು ಹಾಕುವುದೇ ಜಾಣತನ. ತಯಾರಕರು ಹಣ ಉಳಿಸಲು ಒಳಗಿನ ಫಿಲ್ಟರಿನ ಜಾಗದಲ್ಲಿ ಬರೀ ತಂತಿ ತುಂಡನ್ನು ಬೆಸುಗೆ ಹಾಕಿರುವ ಅಡಾಪ್ಟರುಗಳೂ ಉಂಟು; ಮುದ್ರಿತ ಹಲಗೆಯ ಮೇಲೆ ಚೋಕಿಗಾಗಿ ಬಿಟ್ಟ ಜಾಗ ಖಾಲಿಯಾಗಿರುವುದು ಕಣ್ಣಿಗೇ ಕಾಣುತ್ತದೆ. ನೀವೇ ಮೇನ್ಸ್ ಫಿಲ್ಟರ್ ಕಟ್ಟುವುದಾದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಕ್ಸ್ ವರ್ಗದ, ಅರ್ತಿಂಗಿಗೆ ವೈ ವರ್ಗದ ಕೆಪಾಸಿಟರುಗಳನ್ನಷ್ಟೇ ಬಳಸಿ. ಸಾಮಾನ್ಯ ಕೆಪಾಸಿಟರು ಹಾಳಾದಾಗ ಬೆಂಕಿ ಹತ್ತಬಹುದು ಅಥವಾ ಲೋಹದ ಪೆಟ್ಟಿಗೆಗೆ ಫೇಸ್ ಏರಬಹುದು.

ಪ್ರಶ್ನೆ: ನಮ್ಮ ಮನೆಯ ಹತ್ತಿರ 11 ಕಿಲೋವೋಲ್ಟ್ ಲೈನ್ ಹೋಗಿದೆ. ಬೇಸಿಗೆಯಲ್ಲಿ ಎಲ್ಲ ಪಟ್ಟಿಗಳಲ್ಲೂ ಝರ್ರೆಂಬ ಒರಟು ಸದ್ದು. ಒಳ್ಳೆಯ ಮಳೆಯಾದರೆ ಒಂದೆರಡು ದಿನ ನಿಂತು ಮತ್ತೆ ಶುರುವಾಗುತ್ತದೆ. ವಿದ್ಯುತ್ ಕಚೇರಿಯಲ್ಲಿ ರೇಡಿಯೋ ಎಂದ ಕೂಡಲೇ ನಗುತ್ತಾರೆ. ಏನು ಮಾಡಲಿ? (ಚಳ್ಳಕೆರೆ)

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಮಳೆಗೆ ನಿಲ್ಲುವ ಗದ್ದಲ ಬಹುಮಟ್ಟಿಗೆ ಕಿಡಿಯದು. ಕಂಬದ ಮೇಲೆ ಒಂದಕ್ಕೊಂದು ಬಿಗಿಯಾಗಿ ತಾಗಿರಬೇಕಾದ ಎರಡು ಲೋಹದ ತುಂಡುಗಳು, ಅಂದರೆ ಸಡಿಲಗೊಂಡ ನಟ್ಟು-ಬೋಲ್ಟು, ಇನ್ಸುಲೇಟರಿಗೆ ಕಟ್ಟಿದ ಬೈಂಡಿಂಗ್ ತಂತಿ, ತುಕ್ಕು ಹಿಡಿದ ಜಂಪರ್ ಕೊಂಡಿ, ಗಾಳಿ ಸ್ವಿಚ್ಚಿನ ಸವೆದ ಬ್ಲೇಡು, ಇವುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಾಗ ವೋಲ್ಟೇಜ್ ತುತ್ತತುದಿ ಮುಟ್ಟಿದಾಗಲೆಲ್ಲ ಅಲ್ಲಿ ಕಿಡಿ ಹಾರುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಧನ ಮತ್ತು ಋಣ ತುದಿಗಳೆರಡೂ ಸೇರಿ ಸೆಕೆಂಡಿಗೆ 100 ಬಾರಿ. ನಿಮ್ಮ ಝರ್ರೆಂಬ ಸದ್ದಿನ ಒರಟು ಸ್ವರ ಅದೇ. ಮಳೆನೀರು ಆ ಬಿರುಕನ್ನು ತೋಯಿಸಿ ಮುಚ್ಚುತ್ತದೆ, ಬಿಸಿಲಿಗೆ ಒಣಗಿದೊಡನೆ ಕಿಡಿ ಮರಳುತ್ತದೆ. ಇದಕ್ಕೆ ವಿರುದ್ಧವಾಗಿ, ತುಂತುರು ಮಳೆ ಅಥವಾ ಮಂಜು ಬಿದ್ದಾಗ ಗದ್ದಲ ಹೆಚ್ಚಿದರೆ ಧೂಳು ಹಿಡಿದ ಇನ್ಸುಲೇಟರಿನ ಮೇಲ್ಮೈ ಸೋರಿಕೆಯನ್ನು ಶಂಕಿಸಬೇಕು.

ಕಂಬವನ್ನು ಪತ್ತೆ ಮಾಡುವ ಕೆಲಸ ನಿಮ್ಮದೇ ಎಂದು ತಿಳಿಯಿರಿ. ಲೈನ್‌ಮನ್‌ಗೆ ಹತ್ತು ಕಿಲೋಮೀಟರ್ ಲೈನ್ ತೋರಿಸಿ ಹುಡುಕಿ ಎಂದರೆ ಆಗದು. ಮೊದಲ ಹಂತಕ್ಕೆ ಮೀಡಿಯಂ ವೇವ್ ಇರುವ ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ಸಾಕು. ಯಾವ ನಿಲ್ದಾಣವೂ ಇಲ್ಲದ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ರೇಡಿಯೋವನ್ನು ಕೈಯಲ್ಲಿ ಹಿಡಿದು ನಿಂತಲ್ಲೇ ಸುತ್ತಿ. ಒಳಗಿರುವ ಫೆರೈಟ್ ಕಡ್ಡಿಯ ತುದಿ ಗದ್ದಲದ ಮೂಲದತ್ತ ನೇರವಾಗಿ ಚಾಚಿದಾಗ ಸದ್ದು ಥಟ್ಟನೆ ಕುಗ್ಗುತ್ತದೆ. ಸದ್ದು ಜೋರಾಗುವ ದಿಕ್ಕಿಗಿಂತ ಕುಗ್ಗುವ ದಿಕ್ಕು ಬಹಳ ನಿಖರ. ಎರಡು ಮೂರು ಜಾಗಗಳಿಂದ ಹೀಗೆ ಗೆರೆ ಎಳೆದರೆ ಅವು ಒಂದೆಡೆ ಕೂಡುತ್ತವೆ.

ಆದರೆ ಲೈನಿನ ತೀರ ಹತ್ತಿರ ಬಂದಾಗ ಮೀಡಿಯಂ ವೇವ್ ದಾರಿ ತಪ್ಪಿಸುತ್ತದೆ. ಕಡಿಮೆ ಆವರ್ತನದ ಗದ್ದಲ ತಂತಿಯುದ್ದಕ್ಕೂ ಬಹಳ ದೂರ ಹರಿದು, ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ಕುಗ್ಗಿ, ಏನೂ ತಪ್ಪಿಲ್ಲದ ಕಂಬದ ಕೆಳಗೂ ಜೋರಾಗಿ ಕೇಳಿಸುತ್ತದೆ. ಹತ್ತಿರವಾದಂತೆ ಆವರ್ತನವನ್ನು ಏರಿಸುತ್ತ ಹೋಗಬೇಕೆಂಬುದು ಈ ಹುಡುಕಾಟದ ಮುಖ್ಯ ಸೂತ್ರ. 145 ಮೆಗಾಹರ್ಟ್ಸ್ ಸುತ್ತ ಎಎಂ ವಿಧಾನದಲ್ಲಿ ಕೇಳಬಲ್ಲ ರಿಸೀವರು, ಬಡಗಿಯ ಉಕ್ಕಿನ ಅಳತೆಪಟ್ಟಿಯನ್ನು ತುಸು ಹೆಚ್ಚುಕಡಿಮೆ ಒಂದು ಮೀಟರಿನ ಮೂರು ತುಂಡುಗಳಾಗಿ ಕತ್ತರಿಸಿ ಪಿವಿಸಿ ಕೊಳವೆಗೆ ಕಟ್ಟಿದ, ಒಂದೇ ದಿಕ್ಕಿಗೆ ಚೆನ್ನಾಗಿ ಕೇಳುವ ಯಾಗಿ ಆಂಟೆನಾ, ಇವೆರಡಿದ್ದರೆ ಕಂಬಕ್ಕೆ ಕಂಬವನ್ನೇ ಬೇರ್ಪಡಿಸಬಹುದು. ಎಫ್‌ಎಂ ವಿಧಾನ ಇದಕ್ಕೆ ಬಾರದು. ಗದ್ದಲವನ್ನು ಅದುಮಿಡುವುದೇ ಅದರ ಗುಣ. ಸದ್ದು ರಿಸೀವರನ್ನು ತುಂಬಿ ದಿಕ್ಕೇ ತಿಳಿಯದಂತಾದರೆ ಆಂಟೆನಾ ದಾರಿಯಲ್ಲಿ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ಹಾಕಿ, ಇನ್ನೇನು ಕೇಳಿಸುವುದಿಲ್ಲ ಎನ್ನುವ ಅಂಚಿನಲ್ಲಿಟ್ಟು ಮುಂದೆ ಹೋಗಿ.

ಕಂಬವನ್ನು ಸುತ್ತಿಗೆಯಿಂದ ತಟ್ಟಿ ನೋಡುವವರಿದ್ದಾರೆ. ದಯವಿಟ್ಟು ಬೇಡ. ಸಡಿಲವಾಗಿರುವ ತಂತಿಯೇ ಮೇಲಿದೆ ಎಂದು ನೀವೇ ಶಂಕಿಸುತ್ತಿರುವಾಗ ಅದನ್ನು ಅಲುಗಾಡಿಸುವುದು ಪ್ರಾಣಕ್ಕೆ ಎರವು. ಗೈ ತಂತಿಯನ್ನೂ ಮುಟ್ಟಬಾರದು. ಕಂಬ ಅಥವಾ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಬರೆದಿರುವ ಸಂಖ್ಯೆಯನ್ನು ಗುರುತು ಹಾಕಿಕೊಂಡು, ರಾತ್ರಿ ದೂರದಿಂದ ದುರ್ಬೀನಿನಲ್ಲಿ ನೋಡಿ ನೀಲಿ ಕಿಡಿ ಕಂಡರೆ ಅದನ್ನೂ ಸೇರಿಸಿ ದೂರು ಕೊಡಿ. ವಿದ್ಯುತ್ ದೂರಿನ 1912 ಸಂಖ್ಯೆಗೂ, ಸೆಕ್ಷನ್ ಕಚೇರಿಗೂ ಹೇಳಬೇಕಾದ ಮಾತು, ನಿಮ್ಮ ರೇಡಿಯೋ ಕೆಟ್ಟಿದೆ ಎಂಬುದಲ್ಲ. ಇಂಥ ಸಂಖ್ಯೆಯ ಕಂಬದಲ್ಲಿ ಜೋಡಣೆ ಸಡಿಲವಾಗಿ ಕಿಡಿ ಹಾರುತ್ತಿದೆ ಎಂಬುದು. ಅದು ನಿಜವೂ ಹೌದು, ಅವರಿಗೆ ಅರ್ಥವಾಗುವ ಭಾಷೆಯೂ ಹೌದು. ಕಿಡಿ ಹಾರುವ ಜಂಪರ್ ಒಂದಲ್ಲ ಒಂದು ದಿನ ಸುಟ್ಟು ತುಂಡಾಗುವುದು ಎಂದು ಲೈನ್‌ಮನ್‌ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಲೈನ್ ನಿಲ್ಲಿಸಿ ಮರದ ಕೊಂಬೆ ಕಡಿಯುವ, ಇನ್ಸುಲೇಟರ್ ಬದಲಿಸುವ ದಿನಗಳಲ್ಲಿ ಈ ಕೆಲಸ ಸುಲಭವಾಗಿ ಸೇರಿಕೊಳ್ಳುತ್ತದೆ.

ಪ್ರಶ್ನೆ: ಗಡಿಯಾರದಂತೆ ಸರಿಯಾಗಿ ಸೆಕೆಂಡಿಗೊಂದು ಟಕ್ ಎಂಬ ಸದ್ದು 3.5 ಮತ್ತು 7 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತದೆ. ಮಳೆಗಾಲದಲ್ಲಿ ಜೋರು. ಸುತ್ತ ತೋಟಗಳೇ ಇವೆ, ಕಾರ್ಖಾನೆ ಯಾವುದೂ ಇಲ್ಲ. (ತೀರ್ಥಹಳ್ಳಿ)

ಉತ್ತರ: ಹಂದಿ, ಕಾಡುಕೋಣ, ಆನೆಗಳನ್ನು ತಡೆಯಲು ತೋಟದ ಸುತ್ತ ಹಾಕುವ ಸೋಲಾರ್ ಬೇಲಿಯ ಸದ್ದು ಅದು. ಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದರಂತೆ ಹಲವು ಸಾವಿರ ವೋಲ್ಟಿನ, ಅತ್ಯಂತ ಚುಟುಕಾದ ಮಿಡಿತಗಳನ್ನು ತಂತಿಗೆ ಬಿಡುತ್ತದೆ. ಬೇಲಿ ಸರಿಯಾಗಿದ್ದರೆ ಇದು ರೇಡಿಯೋಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ತಂತಿಗೆ ಹಸಿ ಬಳ್ಳಿ ತಾಗಿದಲ್ಲಿ, ಇನ್ಸುಲೇಟರ್ ಒಡೆದಲ್ಲಿ, ಗೇಟಿನ ಕೊಕ್ಕೆ ಸಡಿಲವಾದಲ್ಲಿ ಪ್ರತಿ ಮಿಡಿತಕ್ಕೂ ಕಿಡಿ ಹಾರುತ್ತದೆ, ಆ ಕಿಡಿಯನ್ನು ಕಿಲೋಮೀಟರುಗಟ್ಟಲೆ ಉದ್ದದ ಬೇಲಿಯೇ ಆಂಟೆನಾದಂತೆ ಹರಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಳ್ಳಿ ಬೆಳೆಯುವ ವೇಗ ನಿಮಗೇ ಗೊತ್ತು.

ಇಲ್ಲಿ ನಿಮಗೂ ತೋಟದವರಿಗೂ ಹಿತ ಒಂದೇ ಆಗಿರುವುದರಿಂದ ಮಾತು ಸುಲಭ. ಕಿಡಿಯಾಗಿ ಸೋರಿಹೋಗುವ ಶಕ್ತಿ ಹಂದಿಗೆ ತಾಗುವುದಿಲ್ಲ. ನಿಮ್ಮ ರೇಡಿಯೋದಲ್ಲಿ ಟಕ್ ಎಂದರೆ ಅವರ ಬೇಲಿ ಎಲ್ಲೋ ಸತ್ತಿದೆ. ಕತ್ತಲಾದ ಮೇಲೆ ಬೇಲಿಯ ಗುಂಟ ನಡೆದರೆ ಕಿಡಿ ಕಣ್ಣಿಗೂ ಕಾಣುತ್ತದೆ, ಚಟ್ ಎಂಬ ಸದ್ದು ಕಿವಿಗೂ ಬೀಳುತ್ತದೆ. ಮಾಲೀಕರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಅಲ್ಲಿಯವರೆಗೆ ಟ್ರಾನ್ಸೀವರಿನ ನಾಯ್ಸ್ ಬ್ಲಾಂಕರ್ ಗುಂಡಿ ಒತ್ತಿ. ಚುಟುಕಾದ, ಬಿಡಿಬಿಡಿಯಾದ ಮಿಡಿತಗಳನ್ನು ಕತ್ತರಿಸಿ ತೆಗೆಯುವುದಕ್ಕೇ ಅದನ್ನು ರೂಪಿಸಿರುವುದು; ಅಡಾಪ್ಟರುಗಳ ನಿರಂತರ ಗದ್ದಲದ ಮುಂದೆ ಸೋಲುವ ಆ ಮಂಡಲ ಇಲ್ಲಿ ಅಚ್ಚರಿಯಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಪಕ್ಕದ ಮನೆಯ ತಾರಸಿಗೆ ಸೌರ ಫಲಕಗಳು ಬಂದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ 14 ಮೆಗಾಹರ್ಟ್ಸ್ ಪಟ್ಟಿ ಕೆಟ್ಟಿದೆ. (ಧಾರವಾಡ)

ಉತ್ತರ: ಸೂರ್ಯನೊಡನೆ ಹುಟ್ಟಿ ಸೂರ್ಯನೊಡನೆ ಮುಳುಗುವ ಗದ್ದಲಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ದೋಷ ಫಲಕದ್ದಲ್ಲ, ಅದರ ನೇರ ವಿದ್ಯುತ್ತನ್ನು (ಡಿಸಿ) ಪರಿವರ್ತಿಸುವ ಇನ್ವರ್ಟರಿನದು. ಕೆಲವು ಸ್ಥಾಪನೆಗಳಲ್ಲಿ ಪ್ರತಿ ಫಲಕದ ಹಿಂದೆ ಕೂರಿಸುವ, ಆ ಫಲಕದ ಉತ್ಪಾದನೆಯನ್ನು ಹೊಂದಿಸುವ ಆಪ್ಟಿಮೈಸರುಗಳದು. ಧನ ತಂತಿ ತಾರಸಿಯ ಒಂದು ಬದಿಯಿಂದಲೂ ಋಣ ತಂತಿ ಇನ್ನೊಂದು ಬದಿಯಿಂದಲೂ ಇಳಿದಿದ್ದರೆ ಅದೊಂದು ದೊಡ್ಡ ಲೂಪ್ ಆಂಟೆನಾವೇ ಸರಿ. ಎರಡನ್ನೂ ಒಂದಕ್ಕೊಂದು ಅಂಟಿಸಿ ಒಂದೇ ಕೊಳವೆಯಲ್ಲಿ ತರುವುದು, ಇನ್ವರ್ಟರಿನ ಬಾಯಲ್ಲೇ ನೇರ ವಿದ್ಯುತ್ ಮತ್ತು ಪರ್ಯಾಯ ವಿದ್ಯುತ್ (ಎಸಿ) ಎರಡೂ ಬದಿಗೆ ಫೆರೈಟ್ ಚೋಕ್ ಹಾಕುವುದು, ಅರ್ತಿಂಗ್ ಸರಿಪಡಿಸುವುದು, ಇವುಗಳಿಂದ ಸಾಕಷ್ಟು ಇಳಿಯುತ್ತದೆ. ಆದರೆ ಹಗಲಿನಲ್ಲಿ ಫಲಕಗಳ ಸರಣಿಯಲ್ಲಿ ನೂರಾರು ವೋಲ್ಟ್ ನೇರ ವಿದ್ಯುತ್ ಇರುತ್ತದೆ, ಮೇನ್ ಸ್ವಿಚ್ ಆರಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಸ್ಥಾಪಿಸಿದ ಸಂಸ್ಥೆಯವರೇ ಮಾಡಲಿ. ಖಾತರಿಯ ಅವಧಿಯೊಳಗೆ ಮನೆಯವರ ಮೂಲಕವೇ ಪತ್ರ ಬರೆಸಿ. ನಿಮ್ಮ ಮನೆಗೂ ಸೌರ ವಿದ್ಯುತ್ ಹಾಕಿಸುವ ಯೋಚನೆಯಿದ್ದರೆ ಇವೆಲ್ಲವನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ನಾನು ಮಾತಾಡಿದಾಗಲೆಲ್ಲ ಕೆಳಗಿನ ಮನೆಯ ಹೋಮ್ ಥಿಯೇಟರಿನಲ್ಲಿ ಗೊರಗೊರ ಸದ್ದು ಬರುತ್ತದಂತೆ. ನನ್ನ ಕೇಂದ್ರದಲ್ಲಿ ಎಲ್ಲವೂ ನಿಯಮದಂತೆಯೇ ಇದೆ. ತಪ್ಪು ಯಾರದು? (ಮಂಗಳೂರು)

ಉತ್ತರ: ತಪ್ಪು ಯಾರದೆಂಬುದನ್ನು ಕೊನೆಗೆ ನೋಡೋಣ, ಮೊದಲು ನಿಮ್ಮ ಮನೆಯ ಟಿವಿ, ಸ್ಪೀಕರುಗಳಲ್ಲಿ ಅದೇ ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಿ. ಸ್ವಂತ ಮನೆಯ ಉಪಕರಣಗಳು ಶುದ್ಧವಾಗಿದ್ದರೆ ನೆರೆಯವರೊಡನೆ ಮಾತಾಡಲು ನಿಮಗೆ ನೆಲೆ ಇರುತ್ತದೆ. ಬಳಿಕ ಆಂಟೆನಾದ ಬದಲು, ಶಕ್ತಿಯನ್ನು ಶಾಖವಾಗಿ ಹೀರಿಕೊಳ್ಳುವ ಡಮ್ಮಿ ಲೋಡಿಗೆ ಪ್ರಸಾರ ಮಾಡಿ ನೋಡಿ. ಆಗಲೂ ಅಲ್ಲಿ ಸದ್ದು ಬಂದರೆ ಗದ್ದಲ ನಿಮ್ಮ ಮೇನ್ಸ್ ತಂತಿಯ ಮೂಲಕ ಹೋಗುತ್ತಿದೆ. ನಿಂತರೆ ಆಂಟೆನಾದಿಂದ ಹೋಗುತ್ತಿದೆ.

ತುದಿಯಿಂದ ಊಡುವ ಅರ್ಧ ತರಂಗದ ತಂತಿ ನಮ್ಮಲ್ಲಿ ಈಗ ಬಹಳ ಜನಪ್ರಿಯ. ಅದಕ್ಕೆ ಚೋಕ್ ಇಲ್ಲದಿದ್ದರೆ ಕೋಆಕ್ಸಿನ (ಆಂಟೆನಾಕ್ಕೆ ಹೋಗುವ ಕೇಬಲಿನ) ಹೊರಮೈಯೇ ಆಂಟೆನಾದ ಭಾಗವಾಗಿ, ಮನೆಯೊಳಗಿನವರೆಗೂ ರೇಡಿಯೋ ಶಕ್ತಿಯನ್ನು ತರುತ್ತದೆ. ಅದೇ ದಾರಿಯಲ್ಲಿ ಮನೆಯೊಳಗಿನ ಗದ್ದಲ ರಿಸೀವರಿಗೂ ಬರುವುದರಿಂದ, ಕೋಆಕ್ಸಿಗೆ ಒಳ್ಳೆಯ ಫೆರೈಟ್ ಚೋಕ್ ಹಾಕುವುದು ಎರಡೂ ಕಡೆಗೆ ಒಂದೇ ಮದ್ದು. ಇಷ್ಟಾದ ಮೇಲೂ ಸದ್ದು ಉಳಿದರೆ, ನೆರೆಯವರ ಸ್ಪೀಕರ್ ತಂತಿಗಳೇ ನಿಮ್ಮ ಪ್ರಸಾರವನ್ನು ಹೀರುತ್ತಿವೆ, ಆಂಪ್ಲಿಫೈಯರಿನೊಳಗಿನ ಟ್ರಾನ್ಸಿಸ್ಟರುಗಳು ಅದನ್ನು ಧ್ವನಿಯಾಗಿ ಬಿಡಿಸುತ್ತಿವೆ. ಅದು ಅವರ ಉಪಕರಣದ ಕೊರತೆ. ಆದರೂ ಸ್ಪೀಕರ್ ತಂತಿಗಳನ್ನು ಆಂಪ್ಲಿಫೈಯರಿನ ಪಕ್ಕದಲ್ಲೇ ಫೆರೈಟಿಗೆ ಸುತ್ತಿಕೊಡುವ ಖರ್ಚನ್ನು ನೀವೇ ವಹಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಾಳೆ ಅವರ ಚಾರ್ಜರಿನಿಂದ ನಿಮಗೆ ತೊಂದರೆಯಾದಾಗ ಬಾಗಿಲು ತಟ್ಟಬೇಕಾದವರು ನೀವೇ ತಾನೇ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಏಳನೆಯ ಮಹಡಿ. ಬಾಲ್ಕನಿಯಲ್ಲಿ ನಿಲ್ಲಿಸಿದ ಲಂಬ ಆಂಟೆನಾ, ಎಸ್9 ಗದ್ದಲ. ನೂರು ಮನೆಗಳ ಅಡಾಪ್ಟರುಗಳನ್ನು ನಾನು ಹುಡುಕಲಾರೆ. (ಬೆಂಗಳೂರು)

ಉತ್ತರ: ಹುಡುಕಬೇಕಾಗಿಲ್ಲ. ಲಂಬ ಆಂಟೆನಾ ಕಟ್ಟಡದ ತಂತಿಗಳ ವಿದ್ಯುತ್ ಕ್ಷೇತ್ರವನ್ನು ಧಾರಾಳವಾಗಿ ಹೀರುತ್ತದೆ. ಸುಮಾರು ಒಂದು ಮೀಟರ್ ಅಗಲದ ಸಣ್ಣ ಲೂಪ್ ಆಂಟೆನಾವನ್ನು ಸ್ವೀಕಾರಕ್ಕೆಂದೇ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಅದಕ್ಕೆ ಎರಡು ಕುರುಡು ದಿಕ್ಕುಗಳಿವೆ. ನಿಧಾನವಾಗಿ ತಿರುಗಿಸಿ ಆ ದಿಕ್ಕನ್ನು ಅತಿ ಜೋರಾದ ಮೂಲದತ್ತ ತಂದರೆ ಎರಡು ಮೂರು ಎಸ್ ಅಂಕ ಇಳಿಯಬಹುದು. ಲೂಪಿಗೆ ಬರುವ ಸಂಕೇತವೂ ಕ್ಷೀಣವೇ, ಆದರೆ ಗದ್ದಲ ಅದಕ್ಕಿಂತ ಹೆಚ್ಚು ಕುಗ್ಗಿರುವುದರಿಂದ ಮಾತು ತಿಳಿಯುತ್ತದೆ. ಮೀಟರ್ ಎಷ್ಟು ತೋರಿಸುತ್ತದೆ ಎಂಬುದನ್ನು ನೋಡದೆ, ಎದುರಿನವರ ಮಾತು ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಕೇಳಿ. ಸಂಘದ ಅನುಮತಿ ಪಡೆದು ತಾರಸಿಯ ಮೂಲೆಗೆ, ಲಿಫ್ಟಿನ ಯಂತ್ರದ ಕೋಣೆಯಿಂದ ಆದಷ್ಟು ದೂರ, ಅಡ್ಡಲಾಗಿ ತಂತಿ ಕಟ್ಟಲು ಸಾಧ್ಯವಾದರೆ ಇನ್ನೂ ಉತ್ತಮ. ಇದಾವುದೂ ಆಗದಿದ್ದರೆ ರವಿವಾರ ಬೆಳಿಗ್ಗೆ ಬ್ಯಾಟರಿಯನ್ನೂ ಟ್ರಾನ್ಸೀವರನ್ನೂ ಹೊತ್ತು ಊರಾಚೆಯ ಕೆರೆ ಏರಿಗೋ ಗುಡ್ಡಕ್ಕೋ ಹೋಗಿ. ಅಲ್ಲಿ 10 ವಾಟಿನಲ್ಲಿ ಆಗುವ ಸಂಪರ್ಕಗಳು ಬಾಲ್ಕನಿಯಿಂದ 100 ವಾಟಿನಲ್ಲೂ ಆಗುವುದಿಲ್ಲ.

ಪ್ರಶ್ನೆ: ಕೆಲವು ಸಂಜೆ 7 ಮೆಗಾಹರ್ಟ್ಸ್‌ನಲ್ಲಿ ಹತ್ತಾರು ಕಿಲೋಹರ್ಟ್ಸ್ ಅಗಲದ ಗರಗರ ಸದ್ದು ಬಂದು, ಏರಿಳಿದು, ಹತ್ತು ನಿಮಿಷದಲ್ಲಿ ಮಾಯವಾಗುತ್ತದೆ. ಮೇನ್ ಸ್ವಿಚ್ ಆರಿಸಿದರೂ ಇರುತ್ತದೆ. ದೂರು ಯಾರಿಗೆ ಕೊಡಬೇಕು? (ಮೈಸೂರು)

ಉತ್ತರ: ದೂರದ ಕೇಂದ್ರಗಳಂತೆಯೇ ಏರಿಳಿಯುವ ಸದ್ದು ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಪ್ರತಿಫಲಿಸಿ ಬರುತ್ತಿದೆ ಎಂದರ್ಥ, ಪಕ್ಕದ ಬೀದಿಯದಾಗಿದ್ದರೆ ಅದು ಹಾಗೆ ತೇಲುತ್ತಿರಲಿಲ್ಲ. ಇದು ಬಹುಶಃ ದಿಗಂತದಾಚೆ ನೋಡುವ ಸೇನಾ ರಾಡಾರ್. ಈ ಕಾಟ ಹೊಸದೇನಲ್ಲ. 1976ರಿಂದ 1989ರವರೆಗೆ, ಚೆರ್ನೋಬಿಲ್ ಸಮೀಪ ಸೋವಿಯತ್ ಒಕ್ಕೂಟ ಕಟ್ಟಿದ್ದ ದುಗಾ ರಾಡಾರಿನ ಸೆಕೆಂಡಿಗೆ 10 ಮಿಡಿತಗಳು ಜಗತ್ತಿನ ಹ್ಯಾಮ್‌ಗಳ ಕಿವಿ ಕೊರೆದಿದ್ದವು. ಮರಕುಟಿಗ ಎಂಬುದು ಅವರಿಟ್ಟ ಹೆಸರು. ಇಂಥ ಅತಿಕ್ರಮಗಳನ್ನು ದಾಖಲಿಸಲು ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟಕ್ಕೆ ತನ್ನದೇ ನಿಗಾ ವ್ಯವಸ್ಥೆಯಿದೆ, ಭಾರತ ಅದರ ಮೂರನೆಯ ವಲಯಕ್ಕೆ ಸೇರಿದೆ.

ದೇಶದೊಳಗಿನ ಹಸ್ತಕ್ಷೇಪ, ಮುಖ್ಯವಾಗಿ ಪರವಾನಗಿಯಿಲ್ಲದ ಪ್ರಸಾರ ನಿಮ್ಮ ಪಟ್ಟಿಗೆ ನುಗ್ಗುತ್ತಿದ್ದರೆ, ದೂರಸಂಪರ್ಕ ಇಲಾಖೆಯ ಅಡಿಯಲ್ಲಿ 1952ರಿಂದ ಇರುವ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆಗೆ ಬರೆಯಬೇಕು. ಬೆಂಗಳೂರಿನಲ್ಲಿ ಅದರ ಕೇಂದ್ರವಿದೆ. ದೂರಿನಲ್ಲಿ ಆವರ್ತನ, ಭಾರತೀಯ ಕಾಲಮಾನದಲ್ಲಿ ಆರಂಭ ಮತ್ತು ಅಂತ್ಯದ ಸಮಯ, ಸದ್ದಿನ ಅಗಲ, ಲೂಪ್ ತಿರುಗಿಸಿ ಕಂಡುಕೊಂಡ ದಿಕ್ಕು, ಸ್ವಂತ ಮನೆಯ ಮೂಲವಲ್ಲವೆಂದು ಖಚಿತಪಡಿಸಿಕೊಂಡ ವಿಧಾನ ಇಷ್ಟೂ ಇರಲಿ. ಒಂದು ನಿಮಿಷದ ಧ್ವನಿಮುದ್ರಣವನ್ನೂ ಜೊತೆಗಿಡಿ. ಕರೆ ಸಂಕೇತವನ್ನೂ ಪರವಾನಗಿಯ ವಿವರವನ್ನೂ ಬರೆಯಬೇಕಾಗುವುದರಿಂದ, ನವೀಕರಣ ಬಾಕಿ ಉಳಿಸಿಕೊಂಡವರು ಅದನ್ನು ಮೊದಲು ಮುಗಿಸಿಕೊಂಡು ಆಮೇಲೆ ದೂರು ಬರೆಯಲಿ.